ಇನ್ನೂರ ಹದಿನಾಲ್ಕು ಗೆಳೆಯರು

ತನ್ನ ಪುಸ್ತಕವನ್ನು ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಬೇಕೆಂಬ ಆಸೆ ಸುಹಾಸಿನಿಗೆ ಐದು ವರ್ಷದಿಂದ ಇತ್ತು. ಕೇಳುವವರು ಸಿಕ್ಕಿರಲಿಲ್ಲ. ಗಂಡ ಶೇಷಾದ್ರಿಗೆ ಓದಿದರೆ ಎರಡನೇ ಪುಟಕ್ಕೆ ಗೊರಕೆ ಶುರುವಾಗುತ್ತಿತ್ತು. ಮಗ ಇಶಾನ್‌ಗೆ ಊಟದ ಕನ್ನಡ, ಬೈಗುಳದ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಸಾಹಿತ್ಯದ್ದು ಬಂದ ಕೂಡಲೇ ‘ಮಾಮ್, ಪ್ಲೀಸ್’ ಎಂದು ಎದ್ದು ಹೋಗುತ್ತಿದ್ದ. ಕಡೆಗೂ ಸಿಕ್ಕಿಬಿದ್ದವನು ಕಲ್ಮೇಶ್. ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಫಾರ್ಮಿಂಗ್ಟನ್ ಹಿಲ್ಸ್ ಬಿಟ್ಟು, ಶಿಕಾಗೋ ಆಚೆಯ ಗ್ಲೆಂಡೇಲ್ ಹೈಟ್ಸ್‌ಗೆ ಹೊರಟ ಕಾರಿನಲ್ಲಿ ಅವನು ಸ್ಟೀರಿಂಗ್ ಹಿಡಿದು ಕೂತಿದ್ದ. ಹೆಚ್ಚುಕಡಿಮೆ ಮುನ್ನೂರು ಮೈಲಿ. ಅವನು ನಿದ್ದೆ ಮಾಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಇಂಥ ಶ್ರೋತೃ ಇನ್ನೆಲ್ಲಿ ಸಿಗಬೇಕು?

ಕಲ್ಮೇಶ್ ಆಬರ್ನ್ ಹಿಲ್ಸ್‌ನಲ್ಲಿ ಶೇಷಾದ್ರಿಯ ಕೈಕೆಳಗೆ ಸೀಟ್ ಬೆಲ್ಟ್ ಪರೀಕ್ಷೆ ಮಾಡುವ ಇಂಜಿನಿಯರು. ಗದಗ ಕಡೆಯವನು, ನಲವತ್ತೈದರ ಆಸುಪಾಸು, ಮಾತು ಕಮ್ಮಿ. ಅವನ ಹೆಂಡತಿ ಸುಚೇತಾ ಬೆಂಗಳೂರು ಜಯನಗರದವಳು. ಅವಳಿಗೆ ಮಾತು ಜಾಸ್ತಿ, ಓಡಾಟವೂ ಜಾಸ್ತಿ. ಗ್ಲೆಂಡೇಲ್ ಹೈಟ್ಸ್‌ನಲ್ಲಿ ಸುಹಾಸಿನಿಯ ಬರಲಿರುವ ಪುಸ್ತಕದ ಪರಿಚಯ ಕಾರ್ಯಕ್ರಮ ಏರ್ಪಡಿಸಿದ್ದೂ ಅವಳೇ. ಅಲ್ಲಿರುವ ಅಕ್ಕನ ಮನೆಗೆ ಹಿಂದಿನ ದಿನವೇ ಹೋಗಿ ಕೂತಿದ್ದಳು. ಶೇಷಾದ್ರಿಗೆ ಆಫೀಸಿನಲ್ಲಿ ಹೊಸ ಮಾಡೆಲ್ಲಿನ ಗಡಿಬಿಡಿ. ಸುಹಾಸಿನಿಯೋ ಲೈಬ್ರರಿ, ತರಕಾರಿ ಅಂಗಡಿ, ದೇವಸ್ಥಾನ ಇಷ್ಟಕ್ಕೆ ಡ್ರೈವ್ ಮಾಡುತ್ತಾಳೆ, ಫ್ರೀವೇ ಹತ್ತು ಅಂದರೆ ಅಂಗೈ ಬೆವರುತ್ತದೆ. ಇಪ್ಪತ್ತೆಂಟು ವರ್ಷದಿಂದ ಈ ಊರಿನಲ್ಲಿದ್ದೂ ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರ ಪುರುಸೊತ್ತು ಕಾಯಬೇಕು. ಅದರ ಸಿಟ್ಟು ಅವಳಿಗೆ ಯಾವತ್ತೂ ಪೂರ್ತಿ ಇಳಿದದ್ದಿಲ್ಲ.

ಅವಳು ಅನುವಾದ ಮಾಡಿದ್ದು ಘಾನಾ ದೇಶದ ಒಂದು ಕಾದಂಬರಿ. ಬರೆದವರು ಅಜೋವಾ ಕ್ವಾನ್ಸಾ, ಈಗ ಶಿಕಾಗೋದಲ್ಲಿ ಪಾಠ ಮಾಡುತ್ತಾರೆ, ಇವತ್ತಿನ ಕಾರ್ಯಕ್ರಮಕ್ಕೂ ಬರುವವರಿದ್ದರು. ಅಕ್ರಾ ಪಟ್ಟಣದಲ್ಲಿ ಓಡಾಡುವ, ಟ್ರೊಟ್ರೊ ಎಂದು ಕರೆಯುವ ಒಂದು ಲಡಕಾಸಿ ವ್ಯಾನು, ಅದರ ಡ್ರೈವರು, ಅದಕ್ಕೆ ಹತ್ತಿ ಇಳಿಯುವ ಜನ, ಇಷ್ಟೇ ಕಥೆ. ಇಂಗ್ಲಿಷಿನಲ್ಲಿ ಅದರ ಹೆಸರು ‘ಮೇಟ್, ಅವೇ!’ ಸುಹಾಸಿನಿಯ ಕನ್ನಡದಲ್ಲಿ ‘ಗೆಳೆಯಾ, ದೂರ ಸಾಗು’. ಹೆಸರು ಕೇಳಿದವರೆಲ್ಲ ಭಾವಗೀತೆಯ ಹಾಗಿದೆ ಅಂದಿದ್ದರು, ಅವಳು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು.

ತಯಾರಿ ಇಲ್ಲದೆ ಅವಳು ಕೈಹಾಕಿದ್ದಲ್ಲ. ಮೈಸೂರಿನಲ್ಲಿ ಆರು ವರ್ಷ ಇಂಗ್ಲಿಷ್ ಪಾಠ ಮಾಡಿದ್ದವಳು. ಸ್ವಾತಂತ್ರ್ಯಾನಂತರದ ಆಫ್ರಿಕನ್ ಕಾದಂಬರಿಗಳಲ್ಲಿ ಬಸ್ಸು, ಲಾರಿ, ರಸ್ತೆ ಇವುಗಳ ಮೇಲೆ ಬಂದ ಹದಿನೇಳು ಪ್ರಬಂಧಗಳನ್ನು ಲೈಬ್ರರಿಯಲ್ಲಿ ಕೂತು ಓದಿದ್ದಳು. ಬಸ್ಸು ಅಂದರೆ ದೇಶ, ಡ್ರೈವರ್ ಅಂದರೆ ಸರ್ಕಾರ, ಕೆಟ್ಟ ಬ್ರೇಕು ಅಂದರೆ ಸಂವಿಧಾನ ಎಂದೆಲ್ಲ ವಿದ್ವಾಂಸರು ಬರೆದಿದ್ದರು. ಎಲ್ಲವನ್ನೂ ಅರೆದು ಕುಡಿದು ಎಂಟು ಪುಟದ ಮುನ್ನುಡಿ ಬರೆದಿದ್ದಳು. ಅದು ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಮೊದಲೇ ಬಂದು, ಇಬ್ಬರು ಓದುಗರು ಕಣ್ಣೀರು ಬಂತೆಂದು ಕಾಗದ ಬರೆದಿದ್ದರು. ಪ್ರಕಾಶಕ ದ್ವಾರಕಾನಾಥ ಕವರನ್ನು ಆಗಲೇ ಅಚ್ಚು ಹಾಕಿಸಿದ್ದ. ಒಳಪುಟಗಳು ಇವತ್ತು ಅಲ್ಲಿಯ ರಾತ್ರಿ ಎಂಟಕ್ಕೆ ಮೆಷಿನ್ನಿಗೆ ಹೋಗಬೇಕು. ಇಲ್ಲಿಯ ಲೆಕ್ಕದಲ್ಲಿ ಬೆಳಿಗ್ಗೆ ಹತ್ತೂವರೆ. ಕೊನೆಯ ಪ್ರೂಫ್ ಅವಳ ತೊಡೆಯ ಮೇಲೆ ಇತ್ತು. ಅವಳು ಹೂಂ ಅನ್ನಬೇಕು, ಅಷ್ಟೇ ಬಾಕಿ.

ಆನ್ ಆರ್ಬರ್ ದಾಟಿದ ಮೇಲೆ ಓದಲು ಶುರುಮಾಡಿದಳು. ಒಳ್ಳೆಯ ಗಂಟಲು ಅವಳದು. ಕಲ್ಮೇಶ್ ಸುಮ್ಮನೆ ಕೇಳುತ್ತಿದ್ದ. ಬ್ಯಾಟಲ್ ಕ್ರೀಕ್ ಹತ್ತಿರ ಬರುವಾಗ ಮೂರನೇ ಅಧ್ಯಾಯ.

‘“ಕಾನೇಶಿ! ಕಾನೇಶಿ!” ಎಂದು ಗೆಳೆಯನು ಬಾಗಿಲಿನಿಂದ ಅರ್ಧ ದೇಹವನ್ನು ಹೊರಚಾಚಿ ಕೂಗುತ್ತಿದ್ದನು. ತುಂಬು ಗರ್ಭಿಣಿಯೊಬ್ಬಳು ಹತ್ತಿದಳು. ಗೆಳೆಯನು ವ್ಯಾನಿನ ಮೈಗೆ ಎರಡು ಸಲ ಬಡಿದು, “ದೂರ ಹೋಗು!” ಎಂದನು. ವ್ಯಾನು ಹೊರಟಿತು.’

ಕಲ್ಮೇಶ್ ಫಕ್ಕನೆ ನಕ್ಕುಬಿಟ್ಟ.

“ನಗೋ ಜಾಗ ಅಲ್ಲ ಇದು” ಅಂದಳು ಸುಹಾಸಿನಿ.

“ತಪ್ಪ ತಿಳೀಬ್ಯಾಡ್ರಿ ಮೇಡಂ. ದೂರ ಹೋಗು ಅಂತ ಯಾರಿಗಂದ್ರಿ ಅಂವಾ? ಆ ಬಸರಿ ಹೆಂಗಸಿಗೇನು?”

“ಯಾರಿಗೂ ಅಲ್ಲ. ಅದೊಂದು ಥರ ಅಸ್ತಿತ್ವದ ಕೂಗು. ಮುನ್ನುಡೀಲಿ ವಿವರಿಸಿದೀನಿ.”

ಕಲ್ಮೇಶ್ ಲೇನ್ ಬದಲಾಯಿಸಿ ಒಂದು ಟ್ರಕ್ಕನ್ನು ದಾಟಿದ. ಮತ್ತೆ ಹೇಳಿದ, “ಮೇಡಂ, ನಾ ಓದಿದಾಂವ ಅಲ್ಲ. ಆದ್ರ ಇಂವಾ ಗೆಳೆಯಾ ಅಲ್ರಿ. ಇಂವಾ ಕ್ಲೀನರ್ ಅದಾನ.”

“ಏನು?”

“ಕ್ಲೀನರ್ರಿ. ಟೆಂಪೋದಾಗ ಬಾಗಿಲಿಗೆ ಜೋತುಬಿದ್ದು ಊರ ಹೆಸರು ಒದರ್ತಾನಲ್ಲ, ರೊಕ್ಕಾ ಇಸ್ಕೋತಾನಲ್ಲ, ಮಂದೀನ ಒತ್ತಿ ಒತ್ತಿ ತುಂಬ್ತಾನಲ್ಲ, ಅಂವಾ. ಎರಡು ಸಲ ಮೈ ಬಡದು ಏನಂತಾನ್ರಿ? ರೈಟ್ ರೈಟ್ ಅಂತಾನ. ಇವ್ರ ಊರಾಗ ಅದಕ್ಕ ಅವೇ ಅಂತಿರಬೇಕು.”

ಸುಹಾಸಿನಿಗೆ ಮೊದಲು ಬಂದದ್ದು ಸಿಟ್ಟು. ಐದು ವರ್ಷ ಕೂತು ಮಾಡಿದ ಕೆಲಸ, ಒಂದು ಕಾದಂಬರಿಯನ್ನೂ ಪೂರ್ತಿ ಓದದ ಮನುಷ್ಯ ಮೂರು ಅಧ್ಯಾಯ ಕಿವಿಯ ಮೇಲೆ ಹಾಕಿಕೊಂಡು ತೀರ್ಪು ಕೊಡುತ್ತಿದ್ದಾನೆ! ಮೇಟ್ ಎಂದರೆ ಗೆಳೆಯ. ಡಿಕ್ಷನರಿಯಲ್ಲಿದೆ, ಲಂಡನ್ನಿನವರು ಮಾತುಮಾತಿಗೂ ಹಾಗೇ ಅನ್ನುತ್ತಾರೆ. ಕಂಡಕ್ಟರ್ ಅಂದರೆ ಖಾಕಿ ಅಂಗಿ, ಚರ್ಮದ ಚೀಲ, ಟಿಕೆಟ್ಟು. ಈ ಮನುಷ್ಯನಿಗೆ ಅದು ಯಾವುದೂ ಇಲ್ಲ, ಇಡೀ ಕಾದಂಬರಿಯಲ್ಲಿ ಒಂದು ಹೆಸರೂ ಇಲ್ಲ. ವಯಸ್ಸಿನಲ್ಲಿ ಡ್ರೈವರಿಗಿಂತ ದೊಡ್ಡವನು ಬೇರೆ. ಸ್ನೇಹಕ್ಕಾಗಿ ಜೊತೆಗೆ ಬರುವ ಹಿರಿಯ ಗೆಳೆಯ ಎಂದು ಅವಳು ಅರ್ಥಮಾಡಿಕೊಂಡಿದ್ದಳು. ಮುನ್ನುಡಿಯಲ್ಲಿ ಬರೆದೂ ಬಿಟ್ಟಿದ್ದಳು: ‘ಆಫ್ರಿಕಾದ ವಾಹನದಲ್ಲಿ ಅಪರಿಚಿತನೂ ಗೆಳೆಯನೇ. ಕೂಲಿಗಲ್ಲದೆ ಒಲುಮೆಗಾಗಿ ಬಾಗಿಲು ಕಾಯುವ ಈ ಮನುಷ್ಯನಿಂದ ನಾವು ಕಲಿಯಬೇಕಾದದ್ದು ಬಹಳ.’

ಆ ಸಾಲು ಈಗ ಅವಳ ತಲೆಯೊಳಗೆ ತಾನಾಗಿ ಓದಿಕೊಂಡಿತು. ಕೂಲಿಗಲ್ಲದೆ ಒಲುಮೆಗಾಗಿ. ಮುಖಕ್ಕೆ ಬಿಸಿ ಏರಿತು.

ಪ್ರೂಫಿನ ಹಾಳೆಗಳನ್ನು ಮಗುಚಿದಳು. ಇಪ್ಪತ್ತೆರಡನೇ ಪುಟದಲ್ಲಿ ಟೈರಿಗೆ ಗಾಳಿ ಹಾಕುವವನು ಗೆಳೆಯ. ನಲವತ್ತರಲ್ಲಿ ಚಿಲ್ಲರೆ ಕೊಡಲಿಲ್ಲವೆಂದು ಜನರ ಕೈಲಿ ಬೈಸಿಕೊಳ್ಳುವವನು ಗೆಳೆಯ. ವಾಂತಿಯಾದ ಸೀಟು ಒರೆಸುವವನೂ ಗೆಳೆಯನೇ. ಯಾವ ಗೆಳೆಯ ಮಾಡಿಯಾನು ಇದನ್ನೆಲ್ಲ? ಐದು ವರ್ಷ ತನ್ನ ತಲೆಯಲ್ಲಿ ಏನು ತುಂಬಿತ್ತು? ಹದಿನೇಳು ಪ್ರಬಂಧ ಬರೆದವರಲ್ಲಿ ಒಬ್ಬನಾದರೂ ಮೇಟ್ ಎಂದರೆ ಕ್ಲೀನರು ಕಣಮ್ಮ ಎಂದು ಹೇಳಬಾರದಿತ್ತೆ? ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಬರೆದಿರಲಿಲ್ಲ.

ಅಜೋವಾ ಅವರನ್ನೇ ಕೇಳಬಹುದಿತ್ತು. ಏನು ಅನುಮಾನ ಬಂದರೂ ಫೋನ್ ಮಾಡಿ ಎಂದು ಮೊದಲ ಇಮೇಲಿನಲ್ಲೇ ಬರೆದಿದ್ದರು. ಸುಹಾಸಿನಿ ಒಮ್ಮೆಯೂ ಮಾಡಿರಲಿಲ್ಲ. ಕೇಳಿದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂಬ ಹಮ್ಮು. ಬೇರೇನೂ ಅಲ್ಲ.

“ಒಂಬತ್ತನೇ ಅಧ್ಯಾಯದಾಗ ಏನಾಕ್ಕೈತ್ರಿ?” ಎಂದು ಕಲ್ಮೇಶ್ ಕೇಳಿದ. ಹಾಳೆ ಅಲ್ಲಿಗೆ ಬಂದು ನಿಂತಿತ್ತು, ಅವಳು ಮುಂದಕ್ಕೆ ತಿರುವದೆ ಕೂತಿದ್ದಳು.

ಓದಿದಳು. ಈ ಸಲ ಗಂಟಲು ಅಷ್ಟು ಏಳಲಿಲ್ಲ. ‘ಡ್ರೈವರನು ಇಳಿದು ಬಂದು ಗೆಳೆಯನ ಕೆನ್ನೆಯನ್ನು ಪ್ರೀತಿಯಿಂದ ತಟ್ಟಿದನು. ಒಳಗಿದ್ದ ಯಾರೂ ಏನೂ ಅನ್ನಲಿಲ್ಲ. “ದೂರ ಹೋಗು” ಎಂದನು ಗೆಳೆಯ.’

“ಪ್ರೀತಿಯಿಂದ” ಅಂದ ಕಲ್ಮೇಶ್. “ಇಂಗ್ಲಿಷಿನ್ಯಾಗ ಪ್ರೀತಿ ಐತೇನ್ರಿ?”

ಇರಲಿಲ್ಲ. ಇಂಗ್ಲಿಷಿನಲ್ಲಿ ಹೊಡೆದ ಎಂದಷ್ಟೇ ಇತ್ತು. ಗೆಳೆಯರು ಸುಮ್ಮಸುಮ್ಮನೆ ಯಾಕೆ ಹೊಡೆದಾಡುತ್ತಾರೆಂದು ಅವಳಿಗೆ ಎರಡು ದಿನ ಬಗೆಹರಿದಿರಲಿಲ್ಲ. ಕಡೆಗೆ ಪ್ರೀತಿಯನ್ನು ತಾನೇ ಸೇರಿಸಿ, ಹೊಡೆತವನ್ನು ತಟ್ಟುವುದಕ್ಕೆ ಇಳಿಸಿದ್ದಳು. ಆಗ ಸಾಲು ಸರಿಹೋಯಿತು ಎನ್ನಿಸಿತ್ತು.

“ಇದೆ” ಅಂದಳು.

ಕಲ್ಮೇಶ್ ಕನ್ನಡಿ ನೋಡಿ ಬಲಗಡೆಯ ಲೇನಿಗೆ ಬಂದ.

ಕಾಲಮಜೂ ಬಳಿ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಲು ಹೇಳಿ ದ್ವಾರಕಾನಾಥನಿಗೆ ಫೋನು ಹಚ್ಚಿದಳು. ಅಲ್ಲಿ ರಾತ್ರಿ ಏಳು. ವಿಷಯ ಕೇಳಿ ಅವನು ಕೆಮ್ಮಿದ.

“ಮೇಡಂ, ಕವರ್ ಆಗಿಹೋಗಿದೆ. ಐನೂರು.”

“ಹೆಸರೇ ತಪ್ಪು ರೀ.”

“ಕನ್ನಡದಲ್ಲಿ ಯಾರಿಗೆ ಗೊತ್ತಾಗತ್ತೆ ಹೇಳಿ? ಗೆಳೆಯ ಅನ್ನೋದು ಎಷ್ಟು ಮುದ್ದಾಗಿದೆ. ಕ್ಲೀನರ್ ಅಂದ್ರೆ ಯಾರು ಓದ್ತಾರೆ?”

“ಕಂಪ್ಯೂಟರಲ್ಲಿ ಒಂದೇ ಸಲ ಬದಲಾಯಿಸಕ್ಕಾಗಲ್ವಾ?”

ಆ ಕಡೆ ಕೀಲಿ ಒತ್ತುವ ಸದ್ದು. “ಇನ್ನೂರ ಹದಿನಾಲ್ಕು ಕಡೆ ಇದೆ. ಗೆಳೆಯನಿಗೆ, ಗೆಳೆಯನಿಂದ, ಗೆಳೆಯನಲ್ಲಿ, ಎಲ್ಲಾ ಬೇರೆ ಬೇರೆ. ಒಂದೇ ಏಟಿಗೆ ಹೊಡೆದ್ರೆ ವ್ಯಾನಿನಲ್ಲಿ ಓಡಾಡೋ ಹುಡುಗಿಯ ಕಾಲೇಜು ಗೆಳೆಯರೂ ಕ್ಲೀನರ್‌ಗಳಾಗ್ತಾರೆ ಮೇಡಂ. ಎಂಟಕ್ಕೆ ಮೆಷಿನ್ ಖಾಲಿ ಆಗತ್ತೆ, ಇವತ್ತು ತಪ್ಪಿದ್ರೆ ಮತ್ತೆ ಆಗಸ್ಟೇ. ನಿಮ್ಮಿಷ್ಟ.”

ಯೋಚಿಸಿ ಹೇಳುತ್ತೇನೆಂದು ಇಟ್ಟಳು. ಯೋಚಿಸುವುದೇನಿತ್ತು? ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮಧ್ಯಾಹ್ನ ಅಜೋವಾ ಕೈಕುಲುಕುತ್ತಾರೆ, ಸುಚೇತಾ ಫೋಟೋ ತೆಗೆಯುತ್ತಾಳೆ, ಮೈಸೂರಿನ ಗೆಳತಿಯರು ವಾಟ್ಸಾಪಿನಲ್ಲಿ ಹೂಗುಚ್ಛ ಕಳಿಸುತ್ತಾರೆ. ತಡೆದರೆ ಆಗಸ್ಟು, ಆಮೇಲೆ ಮತ್ತಾವುದೋ ನೆಪ, ಆಮೇಲೆ ದ್ವಾರಕಾನಾಥನಿಗೆ ಉತ್ಸಾಹವೇ ಇಳಿದಿರುತ್ತದೆ. ಐವತ್ತೆಂಟು ವರ್ಷಕ್ಕೆ ತನ್ನದು ಅಂತ ಇರುವುದು ಈ ಒಂದೇ ಪುಸ್ತಕ. ಅದೂ ಹೀಗಾಗಬೇಕೆ? ಮಗು ತಪ್ಪು ಬರೆದಾಗ ರಬ್ಬರಿನಿಂದ ಹಾಳೆ ಹರಿಯುವಷ್ಟು ಉಜ್ಜುತ್ತದಲ್ಲ, ಹಾಗೆ ಅವಳಿಗೆ ಇಡೀ ಪ್ರೂಫನ್ನು ಉಜ್ಜಿಹಾಕಬೇಕೆನ್ನಿಸಿತು.

ಅರ್ಧ ಗಂಟೆಯಲ್ಲಿ ರಸ್ತೆ ರಿಪೇರಿ ಎದುರಾಯಿತು. ಎರಡು ಲೇನು ಮುಚ್ಚಿ ಒಂದೇ ಬಿಟ್ಟಿದ್ದರು. ಕಿತ್ತಳೆ ಬಣ್ಣದ ಪೀಪಾಯಿಗಳು ಕಣ್ಣಿಗೆ ಕಾಣುವಷ್ಟು ದೂರ ಸಾಲಾಗಿದ್ದವು. ಕೆಲಸ ಮಾಡುವವನು ಒಬ್ಬನೂ ಕಾಣಲಿಲ್ಲ. ಕಾರು ತೆವಳಿತು, ನಿಂತಿತು, ಮತ್ತೆ ತೆವಳಿತು. ಗಂಟೆ ಹತ್ತೂ ಕಾಲು.

“ತಪ್ಪು ಅಂತ ಗೊತ್ತಾದ ಮೇಲೆ ಹೇಗೆ ಬಿಡೋದು?” ಎಂದು ಸುಹಾಸಿನಿ ಗಾಜಿಗೆ ಹೇಳಿಕೊಂಡಳು. ಕಲ್ಮೇಶ್ ಮುಂದಿನ ಕಾರಿನ ಬ್ರೇಕ್ ದೀಪ ನೋಡುತ್ತಿದ್ದ.

ಮತ್ತೆ ಫೋನು ಹಚ್ಚಿದಳು. ಸಿಗ್ನಲ್ಲು ಒಂದೇ ಕಡ್ಡಿ.

“ದ್ವಾರಕಾನಾಥ್, ಕೇಳಿಸ್ತಿದೆಯಾ? ಅಚ್ಚು ಬೇಡ, ನಿಲ್ಲಿಸಿ. ಹೆಸರು ಬದಲಾಗಬೇಕು.”

“ಹಲೋ? ಮೇಡಂ? ಕಟ್ ಕಟ್ ಆಗ್ತಿದೆ. ಹೆಸರು ಏನಂದ್ರಿ?”

“ದೂರ ಸಾಗು ಅನ್ನೋ ಜಾಗದಲ್ಲಿ ರೈಟ್ ರೈಟ್!”

“ಏನು?”

“ರೈಟ್ ರೈಟ್! ರೈಟ್ ರೈಟ್!” ಎಂದು ಮುಂದಿನ ಕಾರಿನವನು ತಿರುಗಿ ನೋಡುವ ಹಾಗೆ ಕೂಗಿದಳು.

“ಆಯ್ತು ಮೇಡಂ, ಆಯ್ತು, ಕೇಳಿಸ್ತು” ಎಂದ ದ್ವಾರಕಾನಾಥ. ಲೈನು ಸತ್ತಿತು.

ಎಲ್ಲವನ್ನೂ ವಿವರವಾಗಿ ಬರೆದು ಮೆಸೇಜು ಕೂಡ ಕಳಿಸಿದಳು. ಅದು ಒಂದೇ ಗುರುತು ತೋರಿಸುತ್ತ ನಿಂತಿತು. ಪರವಾಗಿಲ್ಲ, ಬಾಯಲ್ಲಿ ಹೇಳಿಯಾಗಿದೆಯಲ್ಲ ಎಂದು ಸೀಟಿಗೆ ಒರಗಿದಳು. ಸೋತದ್ದು ಬೇಜಾರೇ, ಆದರೂ ಎದೆ ಹಗುರಾಗಿತ್ತು. ಇಂಡಿಯಾನಾ ಬರುವ ಹೊತ್ತಿಗೆ ಕಲ್ಮೇಶನ ಡಬ್ಬಿಯಿಂದ ಎರಡು ಚಕ್ಕುಲಿ ತಿಂದಳು.

ಗ್ಲೆಂಡೇಲ್ ಹೈಟ್ಸ್‌ನ ಸಭಾಂಗಣದ ಪಾರ್ಕಿಂಗ್ ಲಾಟಿಗೆ ಬಂದಾಗ ಅಲ್ಲಿಯ ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು. ಕಾರ್ಯಕ್ರಮ ಒಂದಕ್ಕೆ. ಕಾರು ನಿಲ್ಲುವುದಕ್ಕೂ ದ್ವಾರಕಾನಾಥನ ಫೋನು ಬರುವುದಕ್ಕೂ ಸರಿಹೋಯಿತು.

“ಮೇಡಂ, ಏನಿದು ಮೆಸೇಜು? ಈಗ ನೋಡ್ತಿದೀನಿ. ಪ್ರೆಸ್ಸಿನ ಗಲಾಟೇಲಿ ಫೋನ್ ಕಡೆ ಗಮನ ಇರ್ಲಿಲ್ಲ. ಎಲ್ಲಾ ಮುಗೀತಲ್ಲ! ಐನೂರೂ ಅಚ್ಚಾಯ್ತು.”

“ನಿಲ್ಲಿಸಿ ಅಂತ ಹೇಳಿದ್ನಲ್ರೀ!”

“ನೀವೆಲ್ಲಿ ಹೇಳಿದ್ರಿ? ರೈಟ್ ರೈಟ್ ಅಂದ್ರಿ. ಮೂರು ಸಲ ಅಂದ್ರಿ. ನಾನು ಹುಡುಗರಿಗೆ, ಮೇಡಂ ರೈಟ್ ಅಂದ್ರು, ಹಾಕ್ರಪ್ಪಾ ಅಂದೆ.”

ಸುಹಾಸಿನಿ ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ ಎಸೆದಳು. ಅದು ಜಾರಿ ಅವಳ ಕಾಲ ಬುಡಕ್ಕೇ ಬಿತ್ತು. ಎದುರಿಗೆ ಸಿಕ್ಕವನ ಮೇಲೆ ಹರಿಹಾಯ್ದಳು.

“ನಿಮ್ಮ ಆ ದರಿದ್ರ ರೈಟ್ ರೈಟ್‌ನಿಂದಾನೇ ಕಲ್ಮೇಶ್! ನೀವು ಸುಮ್ಮನೆ ಡ್ರೈವ್ ಮಾಡಿದ್ರೆ ಏನಾಗ್ತಿತ್ತು? ನಿಮಗ್ಯಾಕೆ ಬೇಕಿತ್ತು?”

ಕಲ್ಮೇಶ್ ಎಂಜಿನ್ ಆರಿಸಿದ. ಕೈ ಎರಡೂ ಸ್ಟೀರಿಂಗ್ ಮೇಲೆಯೇ ಇದ್ದವು. ಬೈಸಿಕೊಂಡು ಅಭ್ಯಾಸ ಇರುವವನ ಹಾಗೆ ಮುಂದೆ ನೋಡುತ್ತ ಕೂತ. ಅದನ್ನು ಕಂಡ ಮೇಲೆ ಸುಹಾಸಿನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

“ಪ್ರೀತಿ ಇಲ್ಲ” ಅಂದಳು. “ಇಂಗ್ಲಿಷಲ್ಲಿ ಇಲ್ಲ. ಬರೀ ಹೊಡೆದ ಅಂತಿದೆ. ನಾನೇ ಸೇರಿಸಿದ್ದು. ನಿಮಗೆ ಸುಳ್ಳು ಹೇಳಿದೆ.”

“ಗೊತ್ತೈತ್ರಿ.”

“ಹೇಗೆ ಗೊತ್ತು?”

“ನನಗ ಹೊಡದಾಗ ಇರಲಿಲ್ರಿ.”

ಆಮೇಲೆ ಅವನು ಹೇಳಿದ್ದು ಬಹಳವೇನಲ್ಲ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ಇಪ್ಪತ್ಮೂರರ ವಯಸ್ಸು. ಗದಗ–ಮುಂಡರಗಿ ನಡುವೆ ಓಡುವ ಟೆಂಪೋದಲ್ಲಿ ಆ ಎರಡು ವರ್ಷ ಕ್ಲೀನರ್ ಆಗಿದ್ದ. ಡ್ರೈವರ್ ದೂರದ ಸಂಬಂಧಿಯೇ. ಒಂದು ಸಂತೆಯ ದಿನ, ಚೀಲ ಕಟ್ಟಿದ್ದ ಹಗ್ಗ ಸಡಿಲಾಗಿ ಒಂದು ಮೂಟೆ ಮೆಣಸಿನಕಾಯಿ ರಸ್ತೆಗೆ ಬಿತ್ತು. ಡ್ರೈವರ್ ಇಳಿದು ಬಂದು, ಮೂವತ್ತು ಜನರ ಎದುರಿಗೆ ಕಪಾಳಕ್ಕೆ ಬಾರಿಸಿದ.

“ಮಂದಿ?” ಎಂದು ಸುಹಾಸಿನಿ ಕೇಳಿದಳು.

“ಮಂದಿ ಏನ್ರಿ, ಎಲ್ಲಾರೂ ಆ ಕಡೆ ಈ ಕಡೆ ನೋಡಿದ್ರು. ನಮ್ಮ ಮಾಸ್ತರೂ ಇದ್ರು ಒಳಗ.”

“ನೀವೇನ್ ಮಾಡಿದ್ರಿ?”

“ಏನ್ ಮಾಡ್ಲಿ? ಮೈ ಬಡದು ರೈಟ್ ರೈಟ್ ಅಂದೆ. ಮಂದಿ ಊರಿಗೆ ಹೋಗಬೇಕಲ್ರಿ.”

ಸುಹಾಸಿನಿ ತೊಡೆಯ ಮೇಲಿದ್ದ ಒಂಬತ್ತನೇ ಅಧ್ಯಾಯ ನೋಡಿದಳು. ಗೆಳೆಯ ಹುಸಿಮುನಿಸಿನಿಂದ ‘ದೂರ ಹೋಗು’ ಅನ್ನುವ ಹಾಗೆ ಅವಳು ಬರೆದಿದ್ದಳು. ಅವನು ಯಾರ ಮೇಲೂ ಮುನಿಸಿಕೊಂಡಿರಲಿಲ್ಲ. ಹೊಡೆಸಿಕೊಂಡು ಕೆಲಸ ಮುಂದುವರಿಸಿದ್ದ, ಅಷ್ಟೇ. ಕಾದಂಬರಿಯ ಹೆಸರಿಗೆ ಅರ್ಥ ಇದ್ದದ್ದೇ ಆ ಒಂದು ಮಾತಿನಲ್ಲಿ. ಪಾಠ ಮಾಡುವ ಕಾಲದಲ್ಲಿ ನಂಜ​ನಗೂಡಿಗೆ ಪ್ರೈವೇಟ್ ವ್ಯಾನಿನಲ್ಲಿ ಎಷ್ಟು ಸಲ ಹೋಗಿಲ್ಲ ತಾನು! ಬಾಗಿಲಲ್ಲಿ ಯಾರೋ ಒಬ್ಬ ಇರುತ್ತಿದ್ದ. ಅವನ ಮುಖ ಹೇಗಿತ್ತೆಂದು ಈಗ ಎಷ್ಟು ನೆನೆದರೂ ಒಂದೂ ನೆನಪಾಗಲಿಲ್ಲ. ನಾಚಿಕೆಯಾಯಿತು ಅವಳಿಗೆ, ನಿಜವಾಗಿ ನಾಚಿಕೆಯಾಯಿತು.

ಕೆಳಗೆ ಬಿದ್ದಿದ್ದ ಫೋನನ್ನು ಎತ್ತಿಕೊಂಡು ದ್ವಾರಕಾನಾಥನಿಗೆ ಹಚ್ಚಿದಳು. “ಬೈಂಡಿಂಗ್ ಮಾಡಿಸ್ಬೇಡಿ. ರದ್ದಿಗೆ ಹಾಕಿ” ಅಂದಳು. ಅವನು ಏನೇನೋ ಅಂದ. “ಅಚ್ಚಾದದ್ದೆಲ್ಲ, ಕವರೂ ಸೇರಿ. ಆಗಸ್ಟಾದರೂ ಆಗಲಿ, ಮುಂದಿನ ಆಗಸ್ಟಾದರೂ ಆಗಲಿ. ಇದು ಮಾತ್ರ ಹೊರಗೆ ಬರಕೂಡದು” ಎಂದು ಒಂದೊಂದೇ ಮಾತು ಬಿಡಿಸಿ ಹೇಳಿ, ಅವನ ಬಾಯಲ್ಲಿ ಅದನ್ನೇ ತಿರುಗಿ ಹೇಳಿಸಿದ ಮೇಲೆಯೇ ಫೋನ್ ಇಟ್ಟಳು.

ಇಳಿಯುವಾಗ ಕಲ್ಮೇಶ್ ಕರೆದ. “ಮೇಡಂ, ಒಂದು ಮಾತ್ರಿ. ನನ್ನ ಸುದ್ದಿ ಒಳಗ ಎತ್ತಬ್ಯಾಡ್ರಿ. ಸುಚೇತಾಗ ಗೊತ್ತಿಲ್ಲ. ಆ ಎರಡು ವರ್ಷ ಹುಬ್ಬಳ್ಳಿ ಫ್ಯಾಕ್ಟರಿಯೊಳಗ ಟ್ರೇನಿಂಗ್ ಇದ್ದೆ ಅಂತ ಹೇಳೀನಿ. ಅವರ ಮನಿ ಮಂದೀನೂ ಬಂದಿರ್ತಾರ.”

“ಇಲ್ಲ, ಎತ್ತಲ್ಲ” ಅಂದಳು ಸುಹಾಸಿನಿ.

ಹಾಲಿನಲ್ಲಿ ನಲವತ್ತು ಕುರ್ಚಿ, ನಲವತ್ತೂ ತುಂಬಿದ್ದವು. ಸುಚೇತಾ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ತನ್ನ ಅಕ್ಕ ಭಾವನ ಜೊತೆ ಕೂತಿದ್ದಳು. ಕಲ್ಮೇಶ್‌ಗೆ ಜಾಗ ಸಿಗಲಿಲ್ಲ, ಹಿಂದೆ ಬಾಗಿಲ ಬಳಿ ನಿಂತುಕೊಂಡ. ವೇದಿಕೆಯ ಮೇಲೆ ಅಜೋವಾ ಕ್ವಾನ್ಸಾ, ಅರವತ್ತು ದಾಟಿದ ದೊಡ್ಡ ಮೈಯ ಹೆಂಗಸು, ಹಳದಿ ಉಡುಪಿನಲ್ಲಿ ನಗುತ್ತ ಕೂತಿದ್ದರು. ಮೈಕ್ ಹಿಡಿದ ಸುಹಾಸಿನಿ ಸ್ವಾಗತ, ವಂದನೆ ಒಂದನ್ನೂ ಹೇಳದೆ ನೇರ ಶುರುಮಾಡಿದಳು. ಒಂದು ಸಲ ಕನ್ನಡದಲ್ಲಿ, ಒಂದು ಸಲ ಅಜೋವಾರಿಗಾಗಿ ಇಂಗ್ಲಿಷಿನಲ್ಲಿ.

ಪುಸ್ತಕ ಇಲ್ಲ, ರದ್ದಿಗೆ ಹಾಕಿಸಿದ್ದೇನೆ ಅಂದಳು. ಕ್ಲೀನರನನ್ನು ಗೆಳೆಯ ಮಾಡಿದ್ದು, ‘ದೂರ ಸಾಗು’ ಎಂದು ಹೆಸರಿಟ್ಟದ್ದು, ಎಲ್ಲ ಹೇಳಿದಳು. ಅಜೋವಾ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು, ಸಭೆಯವರೂ ನಕ್ಕರು. ಪ್ರೀತಿಯಿಂದ ತಟ್ಟಿದ್ದರ ವಿಷಯ ಬಂದಾಗ ಅಜೋವಾರ ನಗು ನಿಂತಿತು. ಸುಹಾಸಿನಿ ಅವರ ಮುಖ ನೋಡದೆಯೇ ಮುಗಿಸಿದಳು.

ಹಯವದನ ಅಂಕಲ್ ಎದ್ದು ನಿಂತರು. ಅಲ್ಲಿಯ ಹಿರಿಯರು, ಹೃದಯದ ಡಾಕ್ಟರು. “ತಪ್ಪನ್ನ ಹೀಗೆ ಒಪ್ಪಿಕೊಳ್ಳೋ ಪ್ರಾಮಾಣಿಕತೆ ಎಷ್ಟು ಜನಕ್ಕಿದೆ ಹೇಳಿ! ಮೂಲಕ್ಕೆ ಮತ್ತೆ ಮತ್ತೆ ಹೋಗೋ ವಿದ್ವತ್ತು ಅಂದ್ರೆ ಇದು” ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಸುಚೇತಾ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಸುಹಾಸಿನಿಗೆ ಅಲ್ಲೇ ನೆಲ ಬಿರಿಯಬಾರದೆ ಎನ್ನಿಸಿತು. ಬೈಸಿಕೊಳ್ಳಲೆಂದೇ ಬಂದವಳಿಗೆ ಚಪ್ಪಾಳೆ!

ಚಪ್ಪಾಳೆ ನಿಂತ ಮೇಲೆ ಅಜೋವಾ ತಮ್ಮ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಕೋಪ ಇರಲಿಲ್ಲ, ಆದರೆ ಬಿಡುವ ಹಾಗೂ ಕಾಣಲಿಲ್ಲ. “ಐದು ವರ್ಷ ನಿಮಗೆ ಗೊತ್ತಾಗಲಿಲ್ಲ” ಎಂದರು ಇಂಗ್ಲಿಷಿನಲ್ಲಿ. “ಇವತ್ತು ಬೆಳಿಗ್ಗೆ ಗೊತ್ತಾಯಿತು. ಯಾರು ಹೇಳಿದರು?”

ಸುಹಾಸಿನಿ ಬಾಗಿಲ ಕಡೆ ನೋಡಲಿಲ್ಲ. ನೋಡಿದರೆ ಎಲ್ಲರೂ ನೋಡುತ್ತಾರೆಂದು ಮೈಕನ್ನೇ ದಿಟ್ಟಿಸಿದಳು. ಕೊಟ್ಟ ಮಾತು ಇತ್ತು. ಮಾತಿನ ಜೊತೆಗೆ, ಈ ಚಪ್ಪಾಳೆ ಇಲ್ಲಿಗೇ ನಿಂತರೆ ಸಾಕು ಎಂಬ ಒಂದು ಹಾಳು ಆಸೆಯೂ ಇತ್ತು. ಯಾವುದು ಎಷ್ಟು ಎಂದು ಅವಳಿಗೇ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

“ನಾನೇ” ಅಂದಳು. “ದಾರೀಲಿ ಪ್ರೂಫ್ ಮತ್ತೊಂದು ಸಲ ಓದ್ತಾ ಇರುವಾಗ, ನನಗೇ…”

“ನಾ ಹೇಳೀನ್ರಿ” ಎಂದಿತು ಹಿಂದಿನಿಂದ ಒಂದು ದನಿ.

ಮೈಕಿಲ್ಲದೆ ಹಾಲಿನ ಮೂಲೆಮೂಲೆಗೂ ಕೇಳುವ ದನಿ. ಮಾತು ಕಮ್ಮಿಯಾಡುವ ಆ ಮನುಷ್ಯನಿಗೆ ಅಷ್ಟು ದೊಡ್ಡ ಗಂಟಲು ಇದೆಯೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

“ಅವರಿಗೆ ನಾ ಹೇಳೀನ್ರಿ. ನಾ ಗದಗ–ಮುಂಡರಗಿ ಟೆಂಪೋದಾಗ ಎರಡು ವರ್ಷ ಕ್ಲೀನರ್ ಇದ್ದೆ.”

ಅಜೋವಾರಿಗೆ ಕನ್ನಡ ಬಾರದು. ಆದರೂ ಕ್ಲೀನರ್ ಎಂಬುದು ಕಿವಿಗೆ ಬಿದ್ದ ಕೂಡಲೇ ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಮುಂದಿನ ಸಾಲಿನಲ್ಲಿ ಸುಚೇತಾ ಎದ್ದು ನಿಂತಳು. ನಲವತ್ತು ಜನ ತಿರುಗಿ, ಬಾಗಿಲಲ್ಲಿ ನಿಂತವನ ಮುಖ ನೋಡಿದರು.